ಬೆಲೆ ತಗ್ಗಲಿ, ಮಾತ್ರೆ ತಪ್ಪದಿರಲಿ: ಹಿರಿಯರ ಔಷಧ ವೆಚ್ಚದ ವಿಚಾರ



ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯಲ್ಲಿ ಅರವತ್ತು ದಾಟಿದ ದಂಪತಿಗಳಿರುವ ಮನೆಗಳಲ್ಲಿ ಹಾಲು ಹಾಗೂ ಕಿರಾಣಿಯ ಲೆಕ್ಕದ ಜೊತೆಗೆ ಇನ್ನೊಂದು ಲೆಕ್ಕ ಈಗ ಕಾಯಂ ಆಗಿ ಸೇರಿಕೊಂಡಿದೆ. ಅದು ಮಾತ್ರೆಗಳ ಲೆಕ್ಕ. ರಕ್ತದೊತ್ತಡಕ್ಕೆ ಒಂದು, ಮಧುಮೇಹಕ್ಕೆ ಎರಡು, ಕೊಬ್ಬಿನಂಶಕ್ಕೆ ಒಂದು, ಥೈರಾಯ್ಡ್‌ಗೆ ಒಂದು, ಹೊಟ್ಟೆಯುರಿಗೆ ಒಂದು ಎಂಬಂತೆ ದಿನಕ್ಕೆ ಆರೇಳು ಮಾತ್ರೆಗಳು ಸಾಮಾನ್ಯವಾಗಿವೆ. ಗಂಡ ಹೆಂಡಿರಿಬ್ಬರಿಗೂ ಕಾಯಿಲೆಯಿದ್ದರೆ ವೆಚ್ಚವೂ ಎರಡರಷ್ಟಾಗುತ್ತದೆ. ನಿವೃತ್ತಿ ವೇತನವುಳ್ಳವರು ಹೇಗೋ ಸರಿದೂಗಿಸುತ್ತಾರೆ. ತುಂಡು ತೋಟವನ್ನೋ ಸಂಧ್ಯಾ ಸುರಕ್ಷಾ ವೇತನವನ್ನೋ ನಂಬಿದವರಿಗೆ, ಮಕ್ಕಳ ಮುಂದೆ ಕೈಚಾಚಲು ಮನಸ್ಸೊಪ್ಪದವರಿಗೆ ಇದು ದೊಡ್ಡ ಹೊರೆಯೇ ಸರಿ.

ಈ ಹೊರೆಯನ್ನು ಇಳಿಸಿಕೊಳ್ಳಲು ಹಿರಿಯರು ಅನುಸರಿಸುವ ಮಾರ್ಗಗಳನ್ನು ನಾವು ನಮ್ಮ ಚಿಕಿತ್ಸಾಲಯದಲ್ಲಿ ದಿನನಿತ್ಯ ಕಾಣುತ್ತೇವೆ. ಕೆಲವರು ಮಾತ್ರೆಯನ್ನು ದಿನ ಬಿಟ್ಟು ದಿನ ಸೇವಿಸುತ್ತಾರೆ. ಕೆಲವರು ಅರ್ಧ ಮಾಡಿ ನುಂಗುತ್ತಾರೆ. ತಿಂಗಳ ಕೊನೆಯ ವಾರ ಚೀಟಿಯನ್ನು ಮಡಚಿಟ್ಟು ಮುಂದಿನ ತಿಂಗಳಿಗಾಗಿ ಕಾಯುವವರಿದ್ದಾರೆ. ತಪಾಸಣೆಯಲ್ಲಿ ಒತ್ತಡ ಸರಿಯಾಗಿದೆ ಎಂದು ಗೊತ್ತಾದೊಡನೆ ಮಾತ್ರೆಯನ್ನೇ ನಿಲ್ಲಿಸುವವರೂ ಇದ್ದಾರೆ. ಇವರೆಲ್ಲರೂ ಹಣ ಉಳಿಸಿದೆವೆಂದು ಭಾವಿಸುತ್ತಾರೆ. ಆದರೆ ವಾಸ್ತವದಲ್ಲಿ ಇದು ಉಳಿತಾಯವಲ್ಲ, ಮುಂದೆ ತೀರಿಸಬೇಕಾದ ಸಾಲ. ಔಷಧದ ಬೆಲೆಯನ್ನು ತಗ್ಗಿಸಲು ಹಲವು ನ್ಯಾಯವಾದ ದಾರಿಗಳಿವೆ. ಔಷಧದ ಪ್ರಮಾಣವನ್ನು ನಾವೇ ತಗ್ಗಿಸುವುದು ಅವುಗಳಲ್ಲಿ ಒಂದಲ್ಲ. ಈ ಲೇಖನದ ಸಾರ ಇಷ್ಟೇ ಆಗಿದೆ.

ಮಾತ್ರೆ ಬಿಡುವುದು ಏಕೆ ದುಬಾರಿ?

ರಕ್ತದೊತ್ತಡವಾಗಲಿ ಮಧುಮೇಹವಾಗಲಿ ನೋವು ಕೊಟ್ಟು ಎಚ್ಚರಿಸುವ ರೋಗಗಳಲ್ಲ. ಮಾತ್ರೆ ಬಿಟ್ಟ ಮರುದಿನ ಏನೂ ಆಗದಿರುವುದರಿಂದ ಬಿಟ್ಟದ್ದೇ ಸರಿಯೆನ್ನಿಸುತ್ತದೆ. ಒಳಗೆ ರಕ್ತನಾಳ, ಮೂತ್ರಪಿಂಡ ಹಾಗೂ ಕಣ್ಣಿನ ಪೊರೆಗಳು ಸದ್ದಿಲ್ಲದೆ ಸವೆಯುತ್ತಿರುತ್ತವೆ. ಒತ್ತಡದ ಅಂಕಿ ಸರಿಯಾಗಿ ಬಂದದ್ದು ಮಾತ್ರೆಯ ಫಲವೇ ಹೊರತು ರೋಗ ಹೋದುದರ ಗುರುತಲ್ಲ. ಊರುಗೋಲು ಹಿಡಿದು ನೆಟ್ಟಗೆ ನಡೆದವನು ಕೋಲು ಬೇಡವೆಂದು ಎಸೆದಂತೆ ಇದು. ಇನ್ನು ಹೃದಯದ ಬಡಿತವನ್ನು ನಿಧಾನಗೊಳಿಸುವ ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆಗಳನ್ನೂ, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಸೇವಿಸುವ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನೂ ಒಮ್ಮೆಲೇ ನಿಲ್ಲಿಸುವುದು ಪ್ರಾಣಕ್ಕೇ ಅಪಾಯ.

ನಮ್ಮ ಜಿಲ್ಲೆಯವರಿಗೆ ಈ ಅಪಾಯ ಇನ್ನಷ್ಟು ಭಾರವಾದುದು. ಪಾರ್ಶ್ವವಾಯು ಬಡಿದರೆ ಭಟ್ಕಳದವರು ಮಣಿಪಾಲಕ್ಕೆ ಸುಮಾರು 90 ಕಿಲೋಮೀಟರ್, ಕುಮಟಾದವರು ಸುಮಾರು 150 ಕಿಲೋಮೀಟರ್ ಸಾಗಬೇಕು. ಮಿದುಳಿಗೆ ನಿಮಿಷಗಳೇ ಬೆಲೆಯುಳ್ಳ ಹೊತ್ತಿನಲ್ಲಿ ಗಂಟೆಗಳು ದಾರಿಯಲ್ಲೇ ಕಳೆಯುತ್ತವೆ. ಆಂಬುಲೆನ್ಸ್ ಬಾಡಿಗೆ, ಆಸ್ಪತ್ರೆಯ ಖರ್ಚು, ಜೊತೆಗಿರುವವರ ಊಟ ವಸತಿ, ಮನೆಗೆ ಬಂದ ಮೇಲೆ ಹಾಸಿಗೆ ಹಿಡಿದವರ ಆರೈಕೆ ಇವೆಲ್ಲವನ್ನೂ ಕೂಡಿಸಿದರೆ ಹತ್ತಾರು ವರ್ಷಗಳ ಮಾತ್ರೆಯ ವೆಚ್ಚವನ್ನು ಮೀರಿಬಿಡಬಹುದು.

ಮೊದಲ ಪಾಠ: ಔಷಧದ ನಿಜವಾದ ಹೆಸರು

ಪ್ರತಿಯೊಂದು ಮಾತ್ರೆಗೂ ಎರಡು ಹೆಸರುಗಳಿರುತ್ತವೆ. ಒಂದು ಕಂಪನಿಯಿಟ್ಟ ವ್ಯಾಪಾರದ ಹೆಸರು. ಅದರ ಸಮೀಪದಲ್ಲಿರುವುದು ಒಳಗಿರುವ ಔಷಧದ ನಿಜ ಹೆಸರು. ಆಮ್ಲೊಡಿಪಿನ್, ಟೆಲ್ಮಿಸಾರ್ಟಾನ್, ಮೆಟ್‌ಫಾರ್ಮಿನ್, ಅಟೊರ್ವಾಸ್ಟಾಟಿನ್ ಎಂಬುವು ಇಂಥವು. ಪಕ್ಕದಲ್ಲೇ 5 ಮಿಲಿಗ್ರಾಂ, 40 ಮಿಲಿಗ್ರಾಂ ಎಂದು ಪ್ರಮಾಣವನ್ನು ಮುದ್ರಿಸಿರುತ್ತಾರೆ. ಒಂದೇ ಔಷಧವನ್ನು ಹತ್ತಾರು ಕಂಪನಿಗಳು ಹತ್ತಾರು ಹೆಸರಿನಲ್ಲಿ, ಹತ್ತಾರು ಬೆಲೆಯಲ್ಲಿ ಮಾರುತ್ತವೆ. ನಿಜ ಹೆಸರನ್ನು ಅರಿತವನಿಗೆ ಮಾತ್ರ ಅಗ್ಗದ ದಾರಿ ಕಾಣಿಸುತ್ತದೆ.

ಆದ್ದರಿಂದ ಮನೆಯ ಮೊಮ್ಮಕ್ಕಳನ್ನು ಕೂರಿಸಿಕೊಂಡು ಒಂದು ಹಾಳೆಯಲ್ಲಿ ಎಲ್ಲ ಮಾತ್ರೆಗಳ ನಿಜ ಹೆಸರು, ಪ್ರಮಾಣ, ಸೇವಿಸುವ ಹೊತ್ತು, ಒಂದು ಪಟ್ಟಿಯ ಬೆಲೆ ಇವನ್ನು ಬರೆಸಿರಿ. ಹೆಸರಿನ ಕೊನೆಯಲ್ಲಿ ಎಸ್.ಆರ್., ಎಕ್ಸ್.ಆರ್., ಇ.ಆರ್. ಮುಂತಾದ ಅಕ್ಷರಗಳಿದ್ದರೆ ಅವನ್ನೂ ತಪ್ಪದೆ ಬರೆಯಬೇಕು. ಅವು ಔಷಧವನ್ನು ದಿನವಿಡೀ ನಿಧಾನವಾಗಿ ಬಿಡುವ ಮಾತ್ರೆಗಳೆಂಬುದರ ಸೂಚನೆ. ಅಂಥವನ್ನು ಮುರಿಯಲೂ ಬಾರದು, ಜಗಿಯಲೂ ಬಾರದು. ವೈದ್ಯರಲ್ಲಿಗೆ ಹೋದಾಗ ‘ನಿಜ ಹೆಸರಿನಲ್ಲಿ ಬರೆದುಕೊಡಿರಿ’ ಎಂದು ವಿನಯದಿಂದ ಕೇಳುವುದರಲ್ಲಿ ಸಂಕೋಚ ಬೇಡ. ವೈದ್ಯರು ಔಷಧದ ನಿಜ ಹೆಸರನ್ನು ಸ್ಪಷ್ಟವಾಗಿ ಬರೆಯಬೇಕೆಂದು ವೈದ್ಯಕೀಯ ಪರಿಷತ್ತು 2016ರಲ್ಲಿಯೇ ನಿಯಮ ಮಾಡಿದೆ.

ಜನೌಷಧಿ ಕೇಂದ್ರ

ನಿಜ ಹೆಸರಿನ ಔಷಧಗಳನ್ನು ಕಡಿಮೆ ಬೆಲೆಗೆ ಒದಗಿಸುವ ಜನೌಷಧಿ ಯೋಜನೆಯನ್ನು ಕೇಂದ್ರ ಸರಕಾರವು 2008ರಲ್ಲಿ ಆರಂಭಿಸಿತು. ಮೊದಲ ಮಳಿಗೆ ಅಮೃತಸರದಲ್ಲಿ ತೆರೆಯಿತು. ಮೊದಲ ಕೆಲವು ವರ್ಷ ಕುಂಟುತ್ತಿದ್ದ ಯೋಜನೆ 2015ರ ನಂತರ ಚೇತರಿಸಿಕೊಂಡು, 2023ರ ನವೆಂಬರಿನಲ್ಲಿ 10,000ನೆಯ ಕೇಂದ್ರವನ್ನು ಕಂಡಿತು. ಇಲ್ಲಿಯ ಬೆಲೆಗಳು ಹೆಸರಾಂತ ಕಂಪನಿಗಳ ಬೆಲೆಗಿಂತ ಸಾಮಾನ್ಯವಾಗಿ ಶೇಕಡಾ 50ರಿಂದ 80ರಷ್ಟು ಕಡಿಮೆ. ಒಂದು ಮನೆಯಲ್ಲಿ ತಿಂಗಳಿಗೆ 2,000 ರೂಪಾಯಿ ಮಾತ್ರೆಗೆ ಹೋಗುತ್ತಿದೆಯೆಂದು ಇಟ್ಟುಕೊಳ್ಳೋಣ. ಅದು ಅರ್ಧಕ್ಕಿಳಿದರೂ ವರ್ಷಕ್ಕೆ 12,000 ರೂಪಾಯಿ ಉಳಿಯಿತು. ಅದೂ ಒಂದೇ ಒಂದು ಮಾತ್ರೆಯನ್ನು ತಪ್ಪಿಸದೆ.

ಅಗ್ಗವಾದದ್ದು ಕಳಪೆಯಿರಬಹುದೆಂಬ ಶಂಕೆ ಹಲವರಲ್ಲಿದೆ. ಬೆಲೆ ಕಡಿಮೆಯಾಗಲು ಕಾರಣ ಬೇರೆಯೇ ಇದೆ. ವ್ಯಾಪಾರದ ಹೆಸರಿನ ಪ್ರಚಾರ, ಪ್ರತಿನಿಧಿಗಳ ಓಡಾಟ, ನಡುವಿನ ಕೈಗಳ ಲಾಭ ಇಲ್ಲಿ ಸೇರುವುದಿಲ್ಲ. ಉತ್ತಮ ತಯಾರಿಕಾ ಕ್ರಮದ ಪ್ರಮಾಣಪತ್ರವುಳ್ಳ ಕಾರ್ಖಾನೆಗಳಿಂದಲೇ ಔಷಧಗಳನ್ನು ಖರೀದಿಸಲಾಗುತ್ತದೆ. ಪ್ರತಿ ತಂಡವನ್ನೂ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ನಂತರವೇ ಮಳಿಗೆಗಳಿಗೆ ಕಳುಹಿಸಲಾಗುತ್ತದೆ.

ಹತ್ತಿರದ ಕೇಂದ್ರ ಎಲ್ಲಿದೆ, ನಮಗೆ ಬೇಕಾದ ಔಷಧ ಅವರ ಪಟ್ಟಿಯಲ್ಲಿದೆಯೇ, ಬೆಲೆಯೆಷ್ಟು ಎಂಬುದನ್ನು ‘ಜನೌಷಧಿ ಸುಗಮ್’ ಎಂಬ ಮೊಬೈಲ್ ಆ್ಯಪ್‌ನಲ್ಲಿ ನೋಡಬಹುದು. 1800 180 8080 ಎಂಬ ಉಚಿತ ಸಂಖ್ಯೆಗೂ ಕರೆ ಮಾಡಬಹುದು. ಕೆಲವೊಮ್ಮೆ ದಾಸ್ತಾನು ಇರುವುದಿಲ್ಲ. ಮಾತ್ರೆ ಮುಗಿದ ದಿನ ಹೋಗಿ ಇಲ್ಲವೆನ್ನಿಸಿಕೊಂಡು ಬರಿಗೈಯಲ್ಲಿ ಮರಳುವುದಕ್ಕಿಂತ ಹತ್ತು ದಿನ ಮೊದಲೇ ಹೇಳಿಟ್ಟರೆ ಅವರು ತರಿಸಿಕೊಡುತ್ತಾರೆ.

ಒಂದು ಎಚ್ಚರಿಕೆ ಅವಶ್ಯ. ಥೈರಾಯ್ಡ್‌ನ ಥೈರಾಕ್ಸಿನ್, ರಕ್ತ ತೆಳುವಾಗಿಸುವ ವಾರ್ಫರಿನ್, ಅಪಸ್ಮಾರದ ಮಾತ್ರೆಗಳು, ಹೃದಯದ ಡಿಗಾಕ್ಸಿನ್ ಇವುಗಳ ಪ್ರಮಾಣದಲ್ಲಿ ಅತ್ಯಲ್ಪ ಏರುಪೇರಾದರೂ ಪರಿಣಾಮ ಬದಲಾಗುತ್ತದೆ. ಇವುಗಳ ಕಂಪನಿಯನ್ನು ಬದಲಿಸುವ ಮುನ್ನ ವೈದ್ಯರಿಗೆ ತಿಳಿಸಲೇಬೇಕು. ಥೈರಾಕ್ಸಿನ್ ಬದಲಿಸಿದವರು ಆರರಿಂದ ಎಂಟು ವಾರಗಳ ಬಳಿಕ ರಕ್ತ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು.

ಸರಕಾರಿ ಆಸ್ಪತ್ರೆಯ ಉಚಿತ ಮಾತ್ರೆ

ಜನೌಷಧಿಗಿಂತಲೂ ಅಗ್ಗವಾದುದೊಂದಿದೆ. ರಕ್ತದೊತ್ತಡ ಹಾಗೂ ಮಧುಮೇಹದ ಸಾಮಾನ್ಯ ಮಾತ್ರೆಗಳನ್ನು ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಡಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೂ ತಾಲೂಕು ಆಸ್ಪತ್ರೆಗಳಲ್ಲಿಯೂ ಉಚಿತವಾಗಿ ಕೊಡುತ್ತಾರೆ. ಹೆಸರು ನೋಂದಾಯಿಸಿದವರಿಗೆ ಒಂದು ಪುಸ್ತಕವನ್ನೋ ಕಾರ್ಡನ್ನೋ ಕೊಟ್ಟು, ಪ್ರತಿ ಭೇಟಿಯಲ್ಲಿ ಒತ್ತಡ, ಸಕ್ಕರೆಯ ಅಂಕಿಗಳನ್ನು ಅದರಲ್ಲಿ ಬರೆಯುತ್ತಾರೆ. ದೂರದ ಹಳ್ಳಿಯವರು ಒಂದೇ ಸಲಕ್ಕೆ 30 ದಿನಗಳ ಮಾತ್ರೆ ಕೊಡಿರೆಂದು ಕೇಳಬೇಕು. ನಡೆಯಲಾರದ ಹಿರಿಯರಿದ್ದರೆ ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿರಿ. ಮನೆಬಾಗಿಲಿನಲ್ಲಿಯೇ ತಪಾಸಣೆ ನಡೆಸಿ ಔಷಧ ನೀಡುವ ಗೃಹ ಆರೋಗ್ಯ ಯೋಜನೆಯನ್ನು ರಾಜ್ಯ ಸರಕಾರವು 2024ರಲ್ಲಿ ಕೋಲಾರ ಜಿಲ್ಲೆಯಿಂದ ಆರಂಭಿಸಿತು. ನಮ್ಮ ಊರಿನಲ್ಲಿ ಅದು ಹೇಗೆ ನಡೆಯುತ್ತಿದೆಯೆಂಬುದನ್ನೂ ಆಶಾ ಕಾರ್ಯಕರ್ತೆಯಲ್ಲಿಯೇ ವಿಚಾರಿಸಬಹುದು.

ಉಚಿತ ಮಾತ್ರೆಗೆ ಹೋಗಿಬರುವ ಬಸ್ಸಿನ ಖರ್ಚೇ ಹೆಚ್ಚೆಂದು ಹಿಂದೆ ಹೇಳುತ್ತಿದ್ದರು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸ್ತ್ರೀಯರಿಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಮನೆಯ ಗೃಹಿಣಿಯು ಪತಿಯ ಪುಸ್ತಕವನ್ನೂ ತನ್ನ ಪುಸ್ತಕವನ್ನೂ ಹಿಡಿದು ಹೋಗಿ ಬರಬಹುದು. ಆದರೆ ರೋಗಿಯ ತಪಾಸಣೆ ಆಗಲೇಬೇಕಾದ ತಿಂಗಳು ಇಬ್ಬರೂ ಹೋಗಬೇಕು.

ಔಷಧದ ಅಂಗಡಿಯಲ್ಲಿ ತಿಳಿದಿರಬೇಕಾದುದು

ಸಾಮಾನ್ಯ ಔಷಧದಂಗಡಿಯಲ್ಲಿ ಕೊಳ್ಳುವವರೂ ಕೆಲವು ವಿಷಯಗಳನ್ನು ಅರಿತಿರಬೇಕು. ಅತ್ಯವಶ್ಯಕ ಔಷಧಗಳಿಗೆ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು 2013ರ ಬೆಲೆ ನಿಯಂತ್ರಣ ಆದೇಶದಂತೆ ಗರಿಷ್ಠ ಬೆಲೆಯನ್ನು ಗೊತ್ತುಪಡಿಸುತ್ತದೆ. ಈ ಪಟ್ಟಿಗೆ ಸೇರದ ಔಷಧಗಳ ಬೆಲೆಯನ್ನೂ ಕಂಪನಿಗಳು ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಪಟ್ಟಿಯ ಮೇಲೆ ಮುದ್ರಿಸಿದ ಬೆಲೆಯಲ್ಲಿ ಎಲ್ಲ ತೆರಿಗೆಗಳೂ ಸೇರಿರುತ್ತವೆ. ಅದರ ಮೇಲೆ ಒಂದು ರೂಪಾಯಿಯನ್ನೂ ಕೂಡಿಸುವಂತಿಲ್ಲ. ಹತ್ತರ ಪಟ್ಟಿಯಿಂದ ನಾಲ್ಕು ಮಾತ್ರೆ ಕತ್ತರಿಸಿ ಕೊಟ್ಟರೆ ನಾಲ್ಕರ ಪ್ರಮಾಣದ ಬೆಲೆಯನ್ನೇ ತೆಗೆದುಕೊಳ್ಳಬೇಕು. 2025ರ ಸೆಪ್ಟೆಂಬರ್ 22ರಿಂದ ಹೆಚ್ಚಿನ ಔಷಧಗಳ ಮೇಲಿನ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಬೆಲೆಯ ಬಗ್ಗೆ ದೂರಿದ್ದರೆ ಪ್ರಾಧಿಕಾರದ 1800 111 255 ಸಂಖ್ಯೆಗೆ ತಿಳಿಸಬಹುದು. ಇದಕ್ಕೆಲ್ಲ ಆಧಾರ ಬಿಲ್ಲು. ಆದುದರಿಂದ ಬಿಲ್ಲನ್ನು ಕೇಳಿ ಪಡೆದು ತೆಗೆದಿಡಬೇಕು.

ಇದೇ ಔಷಧ ಕಡಿಮೆ ಬೆಲೆಯಲ್ಲಿ ಬೇರೆ ಕಂಪನಿಯದು ಇದೆಯೇ ಎಂದು ಅಂಗಡಿಯವರನ್ನು ಕೇಳಿರಿ. ಇದ್ದರೆ ಅದನ್ನು ವೈದ್ಯರಿಗೆ ತೋರಿಸಿ ಒಪ್ಪಿಗೆ ಪಡೆಯಿರಿ. ಹೊಸದಾಗಿ ಬರೆದ ಮಾತ್ರೆಯನ್ನು ಮೊದಲು ಹತ್ತು ದಿನಗಳಿಗಷ್ಟೇ ಕೊಳ್ಳುವುದು ಜಾಣತನ. ಅದು ದೇಹಕ್ಕೆ ಒಗ್ಗದೆ ವೈದ್ಯರು ಬದಲಿಸಿದರೆ ಮೂರು ತಿಂಗಳ ದಾಸ್ತಾನು ವ್ಯರ್ಥವಾಗುವುದಿಲ್ಲ.

ಚೀಲದ ಪರೀಕ್ಷೆ

ಮಾತ್ರೆಯ ಬೆಲೆ ಇಳಿಸುವುದು ಒಂದು ದಾರಿಯಾದರೆ, ಅನವಶ್ಯಕ ಮಾತ್ರೆಯನ್ನು ವೈದ್ಯರ ಕೈಯಿಂದಲೇ ಬಿಡಿಸಿಕೊಳ್ಳುವುದು ಇನ್ನೊಂದು. ನಮ್ಮ ಹಿರಿಯರು ಹೃದಯಕ್ಕೆ ಮಣಿಪಾಲ, ಕಣ್ಣಿಗೆ ಹುಬ್ಬಳ್ಳಿ, ಜ್ವರಕ್ಕೆ ಊರಿನ ವೈದ್ಯರು ಎಂದು ಮೂರು ಕಡೆ ತೋರಿಸುತ್ತಾರೆ. ಒಬ್ಬರು ಬರೆದುದು ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಒಂದೇ ಹೊಟ್ಟೆಯುರಿಯ ಮಾತ್ರೆ ಎರಡು ವ್ಯಾಪಾರದ ಹೆಸರಿನಲ್ಲಿ ಹೊಟ್ಟೆ ಸೇರುತ್ತಿರುವುದನ್ನು ನಾವು ಅನೇಕ ಬಾರಿ ಕಂಡಿದ್ದೇವೆ. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಹದಿನೈದು ದಿನಕ್ಕೆಂದು ಬರೆದ ಜೀವಸತ್ವದ ಮಾತ್ರೆ, ಟಾನಿಕ್, ನೋವಿನ ಮಾತ್ರೆಗಳು ವರ್ಷಗಟ್ಟಲೆ ಮುಂದುವರಿದಿರುತ್ತವೆ. ದೀರ್ಘಕಾಲ ಸೇವಿಸಿದ ನೋವಿನ ಮಾತ್ರೆ ಹಣವನ್ನಷ್ಟೇ ಅಲ್ಲ, ಮೂತ್ರಪಿಂಡವನ್ನೂ ತಿನ್ನುತ್ತದೆ.

ಆದ್ದರಿಂದ ವರ್ಷಕ್ಕೆ ಎರಡು ಬಾರಿ ಮನೆಯಲ್ಲಿರುವ ಸಮಸ್ತ ಔಷಧಗಳನ್ನೂ, ನಮ್ಮಂಥವರು ಕೊಟ್ಟ ಚೂರ್ಣ, ಅರಿಷ್ಟಗಳ ಸಹಿತ, ಒಂದು ಚೀಲದಲ್ಲಿ ಹಾಕಿಕೊಂಡು ನಿಮ್ಮನ್ನು ಚೆನ್ನಾಗಿ ಬಲ್ಲ ಒಬ್ಬ ವೈದ್ಯರ ಮುಂದೆ ಸುರಿಯಿರಿ. ‘ಇವುಗಳಲ್ಲಿ ಯಾವುದು ಜೀವನಪರ್ಯಂತ ಬೇಕು, ಯಾವುದನ್ನು ನಿಲ್ಲಿಸಬಹುದು?’ ಎಂದು ಕೇಳಿರಿ. ಹಣದ ಅಡಚಣೆಯಿದ್ದರೆ ಅದನ್ನೂ ಮುಚ್ಚಿಡದೆ ಹೇಳಿರಿ. ರೋಗಿಯು ಮಾತ್ರೆ ಬಿಟ್ಟಿರುವುದನ್ನು ತಿಳಿಯದ ವೈದ್ಯರು ಔಷಧ ಸಾಲದೆಂದು ಭಾವಿಸಿ ಇನ್ನೊಂದನ್ನು ಸೇರಿಸುತ್ತಾರೆ. ಖರ್ಚು ಮತ್ತಷ್ಟು ಏರುತ್ತದೆ.

ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಮಕ್ಕಳು, ನೆಂಟರು ತಂದುಕೊಟ್ಟ ಮಾತ್ರೆಗಳು ಕರಾವಳಿಯ ಅನೇಕ ಮನೆಗಳಲ್ಲಿರುತ್ತವೆ. ಅವುಗಳ ಹೆಸರೂ ಪ್ರಮಾಣವೂ ಇಲ್ಲಿಯವಕ್ಕಿಂತ ಭಿನ್ನವಾಗಿರಬಹುದು. ಪ್ರೀತಿಯ ಕಾಣಿಕೆಯೆಂದು ಸೇವಿಸದೆ ಅವನ್ನೂ ಆ ಚೀಲಕ್ಕೇ ಸೇರಿಸಿರಿ. ನೆರೆಮನೆಯವರ ಉಳಿದ ಮಾತ್ರೆಯನ್ನು ಪಡೆಯುವುದೂ, ನಮ್ಮದನ್ನು ಕೊಡುವುದೂ ದಾನವೆನಿಸದು.

ಮಳೆಗಾಲದ ಜಾಗ್ರತೆ

ಕೆಟ್ಟುಹೋದ ಮಾತ್ರೆಯೂ ನಷ್ಟವೇ. ನಮ್ಮ ಕರಾವಳಿಯ ತೇವದಲ್ಲಿ, ವಿಶೇಷವಾಗಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ, ಒಲೆಯ ಬಳಿಯ ಗೂಡಿನಲ್ಲಿಯೋ ಬಚ್ಚಲಿನ ಪಕ್ಕದಲ್ಲಿಯೋ ಇಟ್ಟ ಮಾತ್ರೆಗಳು ಮೆತ್ತಗಾಗಿ ಬಣ್ಣಗೆಡುತ್ತವೆ. ಪಟ್ಟಿಯಿಂದ ಮುಂಚಿತವಾಗಿ ಬಿಡಿಸಿಡದೆ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ, ಒಣ ಕೋಣೆಯಲ್ಲಿ ಇಡಬೇಕು. ಅವಧಿ ಮೊದಲು ಮುಗಿಯುವುದನ್ನು ಮೇಲಿಟ್ಟು ಮೊದಲು ಬಳಸಬೇಕು. ಇನ್ಸುಲಿನ್ ಉಪಯೋಗಿಸುವವರು ವಿದ್ಯುತ್ ಹೋದಾಗ ಸೀಸೆಯನ್ನು ನೀರು ತಾಗದಂತೆ ಕಟ್ಟಿ, ಒದ್ದೆ ಮಣ್ಣಿನ ಮಡಕೆಯ ತಂಪಿನಲ್ಲಿ ಇಡಬಹುದು. ಬರ್ಫದಲ್ಲಿ ಹೆಪ್ಪುಗಟ್ಟಿದ ಇನ್ಸುಲಿನ್ ಉಪಯೋಗಕ್ಕೆ ಬಾರದು.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಹಲವು ದಿನ ಬಂದ್ ಆದುದನ್ನು ಯಾರೂ ಮರೆತಿಲ್ಲ. ಇಂಥ ಹೊತ್ತಿನಲ್ಲಿ ಮಾತ್ರೆ ತಪ್ಪಬಾರದು. ಮಳೆಗಾಲಕ್ಕೆ ಸೌದೆ, ಅಕ್ಕಿ ಕೂಡಿಡುವಂತೆ ಎರಡು ವಾರಗಳ ಮಾತ್ರೆಯನ್ನು ಹೆಚ್ಚಾಗಿ ಇರಿಸಿಕೊಂಡಿರಬೇಕು.

ಆಯುರ್ವೇದದ ಮಾತು

ಮಾತ್ರೆಗಳನ್ನು ಬಿಟ್ಟು ಕಷಾಯ ಕುಡಿದರೆ ಖರ್ಚು ಉಳಿಯುವುದಲ್ಲವೇ ಎಂದು ನಮ್ಮನ್ನು ಕೇಳುವವರು ಬಹಳ. ಆಯುರ್ವೇದವನ್ನೇ ವೃತ್ತಿಯಾಗಿ ಸ್ವೀಕರಿಸಿದ ನಾವು ಇದಕ್ಕೆ ಸ್ಪಷ್ಟವಾಗಿ ಉತ್ತರಿಸಲೇಬೇಕು. ಉಳಿತಾಯದ ಆಸೆಯಿಂದ ಒತ್ತಡದ, ಸಕ್ಕರೆಯ ಮಾತ್ರೆಗಳನ್ನು ತಾವಾಗಿಯೇ ಬಿಟ್ಟು ಕಷಾಯಕ್ಕೆ ಬದಲಾಗುವುದು ಸಲ್ಲದು. ಆ ಮಾತ್ರೆಯನ್ನು ಇಳಿಸುವ ನಿರ್ಣಯ ಅದನ್ನು ಬರೆದ ವೈದ್ಯರದೇ. ಸಕ್ಕರೆಯ ಮಾತ್ರೆಯ ಜೊತೆಗೆ ಸಕ್ಕರೆ ಇಳಿಸುವ ಚೂರ್ಣವನ್ನೂ ಸೇವಿಸಿದರೆ ಸಕ್ಕರೆ ಅತಿಯಾಗಿ ಕುಸಿಯಬಹುದು. ಕೆಮ್ಮಿಗೆಂದು ಬಳಸುವ ಜೇಷ್ಠಮಧುವನ್ನು ದೀರ್ಘಕಾಲ ಸೇವಿಸಿದರೆ ಒತ್ತಡ ಏರಬಹುದು. ಮಧುಮೇಹವನ್ನು ಬೇರುಸಹಿತ ಕೀಳುತ್ತೇವೆಂದು ಸಾವಿರಾರು ರೂಪಾಯಿಯ ಡಬ್ಬಿ ಮಾರುವ ಜಾಹೀರಾತುಗಳನ್ನು ನಂಬಬೇಡಿರಿ. ಇಂಥ ಜಾಹೀರಾತುಗಳನ್ನು 1954ರ ಕಾಯಿದೆಯೇ ನಿಷೇಧಿಸಿದೆ.

ಹಾಗಾದರೆ ಆಯುರ್ವೇದ ಎಲ್ಲಿ ಹಣ ಉಳಿಸುತ್ತದೆ? ಔಷಧವು ಸಮೃದ್ಧವಾಗಿ, ಸುಲಭವಾಗಿ ದೊರೆಯುವಂತಿರಬೇಕೆಂಬುದನ್ನು ಚರಕಾಚಾರ್ಯರು ಉತ್ತಮ ಔಷಧದ ಗುಣಗಳಲ್ಲಿ ಒಂದಾಗಿ ಎಣಿಸಿದ್ದಾರೆ. ಮಲಬದ್ಧತೆ, ಅಜೀರ್ಣದಂಥ ಸಣ್ಣ ತೊಂದರೆಗಳಿಗೆ ದುಬಾರಿ ಸೀಸೆಗಳ ಬದಲು ಗ್ರಂಧಿಗೆ ಅಂಗಡಿಯ ಅಳಲೆ, ತಾರೆ, ಒಣ ನೆಲ್ಲಿಯನ್ನು ತಂದು ಮನೆಯಲ್ಲೇ ಕುಟ್ಟಿದ ತ್ರಿಫಲಾ ಚೂರ್ಣ ವೈದ್ಯರ ಸಲಹೆಯೊಡನೆ ಸಾಕಾಗುತ್ತದೆ. ಅದಕ್ಕಿಂತ ಮುಖ್ಯವಾದುದು ಪಥ್ಯ. ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಗಂಜಿಯೂಟಕ್ಕೆ ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಜೊತೆಯಾದರೆ ಈ ಮಿತಿ ಒಂದೇ ಹೊತ್ತಿನಲ್ಲಿ ಮೀರುತ್ತದೆ. ತಂಬಾಕು ಬೆರೆಸಿದ ಕವಳಕ್ಕೆ ದಿನವೂ ಹೋಗುವ ಹಣ ತಿಂಗಳ ಕೊನೆಗೆ ಎಷ್ಟಾಗುತ್ತದೆಂದು ಒಮ್ಮೆ ಕೂಡಿಸಿ ನೋಡಿರಿ. ಉಪ್ಪು ತಗ್ಗಿಸಿ, ಕವಳ ಬಿಟ್ಟು, ದಿನವೂ ಅರ್ಧ ಗಂಟೆ ನಡೆದವರಲ್ಲಿ ಒತ್ತಡ ಇಳಿಯುತ್ತದೆ. ಆಗ ವೈದ್ಯರೇ ಮಾತ್ರೆಯ ಪ್ರಮಾಣ ಇಳಿಸುವುದುಂಟು.

ಕಾರ್ಡುಗಳು ಮತ್ತು ತೆರಿಗೆ

70 ವರ್ಷ ದಾಟಿದ ಸಮಸ್ತರಿಗೂ ಆದಾಯದ ಮಿತಿಯಿಲ್ಲದೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆ ಕೊಡುವ ಆಯುಷ್ಮಾನ್ ವಯ ವಂದನಾ ಕಾರ್ಡಿಗೆ ಕೇಂದ್ರ ಸರಕಾರವು 2024ರ ಅಕ್ಟೋಬರ್ 29ರಂದು ಚಾಲನೆ ನೀಡಿತು. ಆದರೆ ಇದು ಆಸ್ಪತ್ರೆಯಲ್ಲಿ ದಾಖಲಾದವರ ಚಿಕಿತ್ಸೆಗೆ ಮೀಸಲು. ಪ್ರತಿ ತಿಂಗಳ ಮಾತ್ರೆಗೆ ಇದರಿಂದ ಹಣ ದೊರೆಯದು. ಯಾವ ಆಸ್ಪತ್ರೆಯಲ್ಲಿ ಯಾವ ಚಿಕಿತ್ಸೆಗೆ ಕಾರ್ಡು ಸಲ್ಲುತ್ತದೆಂಬುದನ್ನು ದಾಖಲಾಗುವ ಮೊದಲೇ ಅಲ್ಲಿಯ ಆರೋಗ್ಯ ಮಿತ್ರರಲ್ಲಿ ಅಥವಾ 14555 ಸಂಖ್ಯೆಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು. ಆದಾಯ ತೆರಿಗೆ ಕಟ್ಟುವ ನಿವೃತ್ತರು ಹಳೆಯ ತೆರಿಗೆ ಪದ್ಧತಿಯಲ್ಲಿದ್ದು, ಆರೋಗ್ಯ ವಿಮೆ ಮಾಡಿಸಿರದಿದ್ದರೆ, ವೈದ್ಯಕೀಯ ವೆಚ್ಚಕ್ಕೆ ವರ್ಷಕ್ಕೆ 50,000 ರೂಪಾಯಿಯವರೆಗೆ ವಿನಾಯಿತಿ ಪಡೆಯಬಹುದು. ಹಣವನ್ನು ನಗದಾಗಿ ಕೊಡದೆ ಬ್ಯಾಂಕಿನ ಮೂಲಕವೋ ಮೊಬೈಲಿನ ಮೂಲಕವೋ ಪಾವತಿಸಿ ಬಿಲ್ಲನ್ನು ಇಟ್ಟುಕೊಂಡಿರಬೇಕು.

ಈ ತಿಂಗಳು ಮಾಡಬೇಕಾದುದು

1. ಎಲ್ಲ ಮಾತ್ರೆಗಳ ನಿಜ ಹೆಸರು, ಪ್ರಮಾಣ, ಬೆಲೆಗಳ ಪಟ್ಟಿ ಬರೆಸುವುದು.
2. ಆ ಪಟ್ಟಿಯೊಡನೆ ಔಷಧದ ಚೀಲವನ್ನು ವೈದ್ಯರಿಗೆ ತೋರಿಸಿ, ಬೇಡವಾದುದನ್ನು ಅವರಿಂದಲೇ ತೆಗೆಸುವುದು.
3. ಉಳಿದವುಗಳಲ್ಲಿ ಸರಕಾರಿ ಆಸ್ಪತ್ರೆಯಲ್ಲಿ ಯಾವುವು ಉಚಿತ, ಜನೌಷಧಿಯಲ್ಲಿ ಯಾವುವು ಅಗ್ಗ ಎಂದು ವಿಚಾರಿಸುವುದು.
4. ಮಿಕ್ಕುದನ್ನಷ್ಟೇ ಅಂಗಡಿಯಲ್ಲಿ ಬಿಲ್ಲು ಪಡೆದು ಕೊಳ್ಳುವುದು.
5. ಬದಲಿಸಿದ ಒಂದು ತಿಂಗಳೊಳಗೆ ಒತ್ತಡ, ಸಕ್ಕರೆಗಳನ್ನು ಪರೀಕ್ಷಿಸಿಕೊಳ್ಳುವುದು.

ಮನೆಯ ಕಿರಿಯರಲ್ಲಿ ನಮ್ಮದೊಂದು ವಿನಂತಿ. ಅಪ್ಪ ಅಮ್ಮಂದಿರು ಮಾತ್ರೆಗೆ ಹಣವಿಲ್ಲವೆಂದು ಬಾಯಿಬಿಟ್ಟು ಹೇಳುವುದು ಕಡಿಮೆ. ಡಬ್ಬಿಯಲ್ಲಿ ಉಳಿದ ಮಾತ್ರೆಗಳನ್ನು ಒಮ್ಮೆ ಎಣಿಸಿ ನೋಡಿರಿ. ತಿಂಗಳು ಮುಗಿದರೂ ಮಾತ್ರೆ ಉಳಿದಿದ್ದರೆ ಅದರ ಕಾರಣವನ್ನು ಗದರದೆ, ಮೃದುವಾಗಿ ವಿಚಾರಿಸಿರಿ.